ಬೋರ್ಡು ಇದ್ದಷ್ಟು ಪೋಸ್ಟರ್ ಚಾಚು

ಸಂಶೋಧನೆಯನ್ನು ಒಂದೇ ದೊಡ್ಡ ಹಾಳೆಯಲ್ಲಿ ಹೇಳಿ, ಅದನ್ನು ಬೋರ್ಡಿಗೆ ಅಂಟಿಸಿ, ಪಕ್ಕದಲ್ಲಿ ನಿಂತು ವಿವರಿಸುವುದು ಸಮ್ಮೇಳನದ ಪೋಸ್ಟರ್. ಸಮ್ಮೇಳನಕ್ಕೆ ಇನ್ನೆರಡು ದಿನ ಇದೆ ಅನ್ನುವಾಗ ಹುಡುಗರು ಪೆನ್‌ಡ್ರೈವ್ ಹಿಡಿದುಕೊಂಡು ಬರುತ್ತಾರೆ. "ಮೇಡಂ, ಪೋಸ್ಟರ್ ಆಗ್ಯದ, ಒಂದ್ಸಲ ನೋಡಿಬಿಡ್ರಿ." ತೆರೆದು ನೋಡಿದರೆ ಥೀಸಿಸ್ಸಿನ ಮೂರು ಅಧ್ಯಾಯಗಳು ಒಂದೇ ಹಾಳೆಯಲ್ಲಿ ಉಸಿರುಕಟ್ಟಿ ಕೂತಿರುತ್ತವೆ. ಬಣ್ಣದ ಬಗ್ಗೆಯೋ ಫಾಂಟಿನ ಬಗ್ಗೆಯೋ ನಾನು ಏನಾದರೂ ಹೇಳುತ್ತೇನೆ ಅಂತ ಅವರು ಕಾಯುತ್ತಿರುತ್ತಾರೆ. ನಾನು ಕೇಳುವುದು ಒಂದೇ: "ಅಲ್ಲಿ ಬೋರ್ಡು ಎಷ್ಟಗಲ ಅದ?" ಉತ್ತರ ಬರುವುದಿಲ್ಲ.

ನನ್ನ ಮೊದಲ ಪೋಸ್ಟರ್ ಹೊತ್ತಿನಲ್ಲಿ ನನಗೂ ಗೊತ್ತಿರಲಿಲ್ಲ. ರಾಯಚೂರಿನಲ್ಲಿ 4 ಅಡಿ ಅಗಲ, 3 ಅಡಿ ಎತ್ತರ ಅಂತ ಅಡ್ಡಕ್ಕೆ ಪ್ರಿಂಟ್ ಹಾಕಿಸಿ, ಸುರುಳಿ ಸುತ್ತಿ, ರಾತ್ರಿ ರೈಲಿನ ಮೇಲಿನ ಬರ್ತಿನಲ್ಲಿ ಕೂಸಿನ ಹಾಗೆ ಪಕ್ಕದಲ್ಲಿ ಮಲಗಿಸಿಕೊಂಡು ಬೆಂಗಳೂರಿಗೆ ಒಯ್ದೆ. ಅಲ್ಲಿ ಬೋರ್ಡು 3 ಅಡಿ ಅಗಲ, 6 ಅಡಿ ಎತ್ತರ. ಎರಡೂ ಬದಿ ಅರ್ಧರ್ಧ ಅಡಿ ಹೊರಗೆ. ಪಕ್ಕದವರ ಪೋಸ್ಟರಿನ ಮೇಲೆ ಹೋಗುತ್ತದೆ ಅಂತ ಎರಡೂ ಅಂಚನ್ನು ಹಿಂದಕ್ಕೆ ಮಡಚಿ ಟೇಪ್ ಹಚ್ಚಿದೆ. ಎಡಗಡೆ ಮಡಿಕೆಯೊಳಗೆ ಉದ್ದೇಶಗಳು ಅರ್ಧ ಹೋದವು, ಬಲಗಡೆ ಮಡಿಕೆಯೊಳಗೆ ಫಲಿತಾಂಶದ ಕೊನೆಯ ಕಾಲಂ. ಗೈಡ್ ಬಂದವರು ಒಂದು ಗಳಿಗೆ ನೋಡಿ, "ನನ್ನ ಹೆಸರೆಲ್ಲಮ್ಮ?" ಅಂದರು.

ಅಲ್ಲಿಂದ ನಾನು ಆಯ್ಕೆಯ ಕ್ರಮವನ್ನೇ ತಿರುವಿ ಹಾಕಿದೆ. ಮೊದಲು ಬೋರ್ಡು, ಆಮೇಲೆ ಪ್ರಯಾಣ, ಆಮೇಲೆ ಯಾವುದರ ಮೇಲೆ ಪ್ರಿಂಟ್, ಅದಾದಮೇಲೆ ಭಾಷೆ, ಕೊನೆಗೆ ಲ್ಯಾಪ್‌ಟಾಪ್. ಪೋಸ್ಟರಿನ ಆಯ್ಕೆಗಳ ಈ ಹೋಲಿಕೆಯೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿದೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆಯಿಂದ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲೇ ಇದ್ದು ಬೆಂಗಳೂರಿನ ಸಮ್ಮೇಳನಕ್ಕೆ ಹೋಗುವವರಿಗೆ ಇದರಲ್ಲಿ ಅರ್ಧ ತಲೆಬಿಸಿ ಇರುವುದೇ ಇಲ್ಲ.

ಭಾಷಣವೋ, ಪೋಸ್ಟರೋ

ಸಾರಾಂಶ ಕಳಿಸುವ ಫಾರ್ಮಿನಲ್ಲೇ ಈ ಪ್ರಶ್ನೆ ಇರುತ್ತದೆ. ಪೋಸ್ಟರ್ ಸಿಕ್ಕಿತು ಅಂದರೆ ನಮ್ಮಲ್ಲಿ "ಬರೇ ಪೋಸ್ಟರಾ?" ಅಂತ ಮೂಗು ಮುರಿಯುವವರಿದ್ದಾರೆ. ಈ ಪದ್ಧತಿ ಹುಟ್ಟಿದ್ದು ವೇದಿಕೆ ಸಾಲದೆ ಬಂದಾಗ ಅನ್ನುವುದು ನಿಜ. 1969ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ಯುರೋಪಿನ ಜೀವರಸಾಯನ ವಿಜ್ಞಾನಿಗಳ ಸಭೆಯಲ್ಲಿ ಪೋಸ್ಟರ್‌ಗಳಿದ್ದವು, 1974ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಸಭೆಗೂ ಅದು ಬಂತು. ಆದರೆ ವೇದಿಕೆಯಲ್ಲಿ ಸಿಗದ ಒಂದು ಸಂಗತಿ ಪೋಸ್ಟರಿನಲ್ಲಿ ಸಿಗುತ್ತದೆ.

ಭಾಷಣಕ್ಕೆ ಎಂಟೋ ಹತ್ತೋ ನಿಮಿಷ. ಕೊನೆಯ ನಿಮಿಷದಲ್ಲಿ ಅಧ್ಯಕ್ಷರ ಗಂಟೆ, ಅವಸರದ ಒಂದು ಪ್ರಶ್ನೆ, ಚಪ್ಪಾಳೆ, ಮುಗಿಯಿತು. ಪೋಸ್ಟರಿನ ಮುಂದೆ ಒಂದೆರಡು ತಾಸು ನಿಲ್ಲುತ್ತೀರಿ. ಹತ್ತೇ ಜನ ಬರಬಹುದು, ಆದರೆ ಅವರಲ್ಲಿ ಇಬ್ಬರು ನಿಮ್ಮ ಕೆಲಸದ ಒಳಹೊರಗು ಬಲ್ಲವರು. "ಈ ಪ್ಲಾಟಿನಲ್ಲಿ ನೀರು ಎಲ್ಲಿಂದ ಬಿಟ್ಟಿರಿ?" ಅಂತ ಬೆರಳಿಟ್ಟು ಕೇಳುತ್ತಾರೆ. ದತ್ತಾಂಶ ಪೂರ್ತಿ ಆಗಿಲ್ಲ, ಒಂದೇ ಹಂಗಾಮಿನ ಫಲಿತಾಂಶ ಕೈಯಲ್ಲಿದೆ ಅನ್ನುವವರು ಕಣ್ಣುಮುಚ್ಚಿ ಪೋಸ್ಟರ್ ಆರಿಸಿಕೊಳ್ಳಿ. ಹಂತ ಹಂತವಾಗಿ ವಾದ ಕಟ್ಟಬೇಕಾದ ವಿಷಯ, ಅಂದರೆ ಒಂದು ಲೆಕ್ಕದಿಂದ ಇನ್ನೊಂದು ಲೆಕ್ಕಕ್ಕೆ ಹೋಗುವಂಥದ್ದು, ಭಾಷಣಕ್ಕೇ ವಾಸಿ. ನಕ್ಷೆ, ಫೋಟೊ, ಶಿಲ್ಪ, ಸೂಕ್ಷ್ಮದರ್ಶಕದ ಕೆಳಗಿನ ಕೋಶ, ಇಂಥ ಕಣ್ಣಿಟ್ಟು ನೋಡಬೇಕಾದವು ಪೋಸ್ಟರಿಗೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ಮೇಲೆ ಕೆಲಸ ಮಾಡುವವರು ಹತ್ತು ನಿಮಿಷದಲ್ಲಿ ಮೂವತ್ತು ಸ್ಲೈಡು ಓಡಿಸುವುದನ್ನು ಕಂಡಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಆ ಬೆಟ್ಟದ ಒಂದೇ ನಕ್ಷೆಯನ್ನು ದೊಡ್ಡದಾಗಿ ತೂಗುಹಾಕಿ ಪಕ್ಕದಲ್ಲಿ ನಿಂತರೆ ಸಾಕಿತ್ತು.

ಅಡಿಯೋ, ಎ0ಯೋ, ಉದ್ದಕ್ಕೋ, ಅಡ್ಡಕ್ಕೋ

ಸಮ್ಮೇಳನದವರು ಎ0 ಅಂತ ಬರೆದಿರುತ್ತಾರೆ, ನಮ್ಮ ಊರಿನ ಫ್ಲೆಕ್ಸ್ ಅಂಗಡಿಯವರು ಅಡಿಯಲ್ಲಿ ಮಾತಾಡುತ್ತಾರೆ. ಇವೆರಡರ ನಡುವೆ ಕೆಡುವ ಪೋಸ್ಟರ್‌ಗಳಿಗೆ ಲೆಕ್ಕವಿಲ್ಲ. ಎ0 ಅಂದರೆ 841 ಮಿಲಿಮೀಟರ್ ಅಗಲ, 1189 ಮಿಲಿಮೀಟರ್ ಎತ್ತರ. 3×4 ಅಡಿ ಅಂದರೆ ಸುಮಾರು 914 ಮತ್ತು 1219 ಮಿಲಿಮೀಟರ್. ನೋಡಲು ಹತ್ತಿರ ಹತ್ತಿರ, ಆದರೆ ಆಕಾರ ಒಂದೇ ಅಲ್ಲ. ಎ0 ಫೈಲು ಒಯ್ದು ಕೊಟ್ಟರೆ ಅಂಗಡಿಯ ಹುಡುಗ, "ಅಕ್ಕಾ, ಮೂರು ನಾಕಕ್ಕ ಎಳೀಲೇನ್ರಿ?" ಅನ್ನುತ್ತಾನೆ. ಬೇಡ ಅನ್ನಿ. ಎಳೆದರೆ ಅಗಲ ಎತ್ತರಕ್ಕಿಂತ ಶೇ 6ರಷ್ಟು ಹೆಚ್ಚು ಹಿಗ್ಗಿ, ವಿಶ್ವವಿದ್ಯಾಲಯದ ದುಂಡನೆಯ ಲಾಂಛನ ಕೋಳಿಮೊಟ್ಟೆ ಆಗುತ್ತದೆ. ಆ ಲಾಂಛನವನ್ನು ದಿನಾ ನೋಡುವ ಪ್ರೊಫೆಸರುಗಳ ಕಣ್ಣಿಗೆ ಮೊದಲು ಬೀಳುವುದೇ ಅದು. "ಎ0 ಅಳತೆಗೇ ಹೊಡಿ, ಉಳಿದದ್ದು ಬಿಳಿ ಬಿಟ್ಟು ಕತ್ತರಿಸು" ಅನ್ನಿ. ದುಡ್ಡು 3×4ರ ಲೆಕ್ಕಕ್ಕೇ, ಅಂದರೆ 12 ಚದರಡಿಗೇ ತೆಗೆದುಕೊಳ್ಳಬಹುದು, ಎ0ಗೆ ಬೇಕಾದ್ದು 11 ಚದರಡಿಯ ಒಳಗೆ. ಆ ಒಂದಡಿಗೆ ಜಗಳ ಬೇಡ.

ಉದ್ದಕ್ಕೆ ನಿಲ್ಲಿಸುವುದೋ ಅಡ್ಡಕ್ಕೆ ಮಲಗಿಸುವುದೋ ಅನ್ನುವುದನ್ನು ತೀರ್ಮಾನಿಸುವುದು ಬೋರ್ಡು, ನಿಮ್ಮ ಇಷ್ಟವಲ್ಲ. ಬೋರ್ಡು ಎರಡಕ್ಕೂ ಜಾಗ ಕೊಟ್ಟರೆ ನನ್ನ ಮತ ಅಡ್ಡಕ್ಕೆ. ನಿಂತವರ ಕಣ್ಣಿನ ಮಟ್ಟದಲ್ಲೇ ಎಲ್ಲ ಬರುತ್ತದೆ, ಇಬ್ಬರು ಒಟ್ಟಿಗೆ ನಿಂತು ಓದಬಹುದು. ಉದ್ದನೆಯದರಲ್ಲಿ ಕೆಳಗಿನ ಒಂದಡಿ ಮೊಣಕಾಲಿನ ಹತ್ತಿರ ಹೋಗುತ್ತದೆ, ಅಲ್ಲಿ ಬರೆದದ್ದನ್ನು ಯಾರೂ ಬಗ್ಗಿ ಓದುವುದಿಲ್ಲ. ಹಾಗಾಗಿ ಉದ್ದನೆಯದು ಮಾಡಲೇಬೇಕಾದರೆ ಕೃತಜ್ಞತೆ, ಆಕರಗಳು, ಅನುದಾನ ಕೊಟ್ಟವರ ಲಾಂಛನ ಅಲ್ಲಿಗೆ ಇಳಿಸಿ, ಫಲಿತಾಂಶ ಮೇಲಕ್ಕೆ ಏರಿಸಿ. ಹೆಚ್ಚಿನವರು ಇದಕ್ಕೆ ತದ್ವಿರುದ್ಧ ಮಾಡುತ್ತಾರೆ: ಮೇಲೆ ಪೀಠಿಕೆ, ಮೊಣಕಾಲ ಹತ್ತಿರ ಫಲಿತಾಂಶ.

ಆಯೋಜಕರಿಗೆ ಮೇಲ್ ಹಾಕಿ ಎರಡು ಪ್ರಶ್ನೆ ಕೇಳಿ. ಬೋರ್ಡಿನ ಅಗಲ-ಎತ್ತರ ಎಷ್ಟು, ಮತ್ತು ಅದು ಯಾವುದರದ್ದು. ಬಟ್ಟೆ ಹೊದಿಸಿದ ಮೆತ್ತನೆ ಬೋರ್ಡಾದರೆ ಪಿನ್ನು ಇಳಿಯುತ್ತದೆ. ಅಲ್ಯೂಮಿನಿಯಂ ಚೌಕಟ್ಟಿನ ಬಿಳಿ ನುಣುಪು ಹಲಗೆಯಾದರೆ ಪಿನ್ನು ಬಾಗುತ್ತದೆ, ಎರಡೂ ಬದಿ ಅಂಟುವ ಟೇಪೇ ಗತಿ. ಯಾವುದೇ ಇರಲಿ ಎರಡನ್ನೂ ಚೀಲದಲ್ಲಿ ಇಟ್ಟುಕೊಳ್ಳಿ, ಜೊತೆಗೆ ಒಂದು ಸಣ್ಣ ಕತ್ತರಿ. ಟೇಪ್ ಬೇಡಿಕೊಂಡು ಬರುವ ಪಕ್ಕದ ಬೋರ್ಡಿನವರೇ ಎಷ್ಟೋ ಸಲ ಸಮ್ಮೇಳನದ ಮೊದಲ ಗೆಳೆಯರು.

ಫ್ಲೆಕ್ಸ್, ಕಾಗದ, ಬಟ್ಟೆ

ಈ ಮೂರರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ನಮ್ಮ ಕಡೆಯವರು ಹೆಚ್ಚು ಎಡವುವುದು ಇಲ್ಲೇ.

ಎ0 ಹಾಳೆಯ ವಿಸ್ತೀರ್ಣ ಸರಿಯಾಗಿ ಒಂದು ಚದರ ಮೀಟರ್. ಹಾಗಾಗಿ ಅಂಗಡಿಯವರು ಹೇಳುವ ಜಿಎಸ್ಎಂ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವ ಸಂಖ್ಯೆಯೇ ನಿಮ್ಮ ಪೋಸ್ಟರಿನ ತೂಕ. 170 ಜಿಎಸ್ಎಂ ಕಾಗದ ಅಂದರೆ 170 ಗ್ರಾಂ. 300 ಜಿಎಸ್ಎಂ ಫ್ಲೆಕ್ಸ್ ಅಂದರೆ 300 ಗ್ರಾಂ. ಮೇಲಿನ ನಾಲ್ಕು ತುಂಡು ಟೇಪು ಹೊರಬೇಕಾದ್ದು ಇದನ್ನು. ಫ್ಲೆಕ್ಸ್ ಮಧ್ಯಾಹ್ನದ ಊಟದ ಹೊತ್ತಿಗೆ ಕಳಚಿ ಬೀಳುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಅದೂ ಸುರುಳಿ ಸುತ್ತಿ ಒಂದು ರಾತ್ರಿ ಇಟ್ಟ ಫ್ಲೆಕ್ಸು ತನ್ನ ಸುರುಳಿಯನ್ನು ಮರೆಯುವುದಿಲ್ಲ. ಕೆಳಗಿನ ಎರಡು ಮೂಲೆ ಮುಂದಕ್ಕೆ ನುಗ್ಗಿ ಬರುತ್ತವೆ. ಅಕ್ಷರದ ಬದಿ ಹೊರಗಿರುವಂತೆ ಸುತ್ತಿದರೆ ಮೂಲೆಗಳು ಬೋರ್ಡಿನ ಕಡೆ ಬಾಗುತ್ತವೆ, ಅಷ್ಟರಮಟ್ಟಿಗೆ ಬಚಾವು. ಆದರೆ ಹಾಗೆ ಸುತ್ತಿದಾಗ ಮೇಲೊಂದು ಹಾಳೆ ಸುತ್ತದಿದ್ದರೆ ಬಸ್ಸಿನ ಧೂಳೆಲ್ಲ ಶೀರ್ಷಿಕೆಯ ಮೇಲೆ.

ಹಾಗಿದ್ದರೂ ಫ್ಲೆಕ್ಸನ್ನು ಜನ ಬಿಡುವುದಿಲ್ಲ, ಯಾಕೆ ಅನ್ನುವುದೂ ಗೊತ್ತು. ಅಗ್ಗ, ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತದೆ, ಒಂದು ತಾಸಿನಲ್ಲಿ ಕೈಗೆ ಬರುತ್ತದೆ, ಮಳೆಯಲ್ಲಿ ನೆನೆದರೂ ಒರೆಸಿದರಾಯಿತು. ಜಾತ್ರೆಗೂ ಮದುವೆಗೂ ಹುಟ್ಟುಹಬ್ಬಕ್ಕೂ ಅದೇ ಯಂತ್ರ. ತೊಂದರೆ ಏನೆಂದರೆ ಆ ಯಂತ್ರ ಹೊಂದಿಕೊಂಡಿರುವುದು ರಸ್ತೆಯ ಆ ಬದಿಯಿಂದ ಕಾಣುವ ಮುಖಗಳಿಗೆ, ನಿಮ್ಮ ಗ್ರಾಫಿನ ಅಕ್ಷದ ಮೇಲಿನ ಸಣ್ಣ ಅಂಕಿಗಳಿಗಲ್ಲ. ಸಣ್ಣ ಅಕ್ಷರದ ಅಂಚು ಕಲಸುತ್ತದೆ. ಹೊಳಪಿನಿಂದಾಗಿ ಟ್ಯೂಬ್‌ಲೈಟ್ ಪ್ರತಿಫಲಿಸಿ ಒಂದು ಪಟ್ಟಿ ಪೂರ್ತಿ ಓದಲಿಕ್ಕೇ ಬರುವುದಿಲ್ಲ. ಮೇಲಾಗಿ ಇದು ಪಿವಿಸಿ ಪ್ಲಾಸ್ಟಿಕ್. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸೂ ಇತ್ತು. ಮಣ್ಣಿನ ಆರೋಗ್ಯದ ಮೇಲೆ ಮಾತಾಡಲು ಪಿವಿಸಿ ಹಾಳೆ ಹಿಡಿದು ಹೋಗುವುದು ನನಗಂತೂ ಈಗ ನಾಚಿಕೆ ಅನಿಸುತ್ತದೆ, ಮೊದಲು ಅನಿಸುತ್ತಿರಲಿಲ್ಲ.

ಕಾಗದದಲ್ಲಿ ಎರಡು ಬಗೆ: ಹೊಳಪಿನದು, ಹೊಳಪಿಲ್ಲದ ಮ್ಯಾಟ್. ಫೋಟೊ ಹೆಚ್ಚಿದ್ದರೆ ಹೊಳಪಿನದು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ, ಸಭಾಂಗಣದ ದೀಪದ ಕೆಳಗೆ ಮ್ಯಾಟೇ ಮೇಲು. ಅಕ್ಷರ ಅತ್ಯಂತ ಚೊಕ್ಕವಾಗಿ ಬರುವುದು ಇದರಲ್ಲೇ, ತೂಕ ಕಡಿಮೆ, ಸಾದಾ ಟೇಪು ಸಾಕು. ಆದರೆ ಒಮ್ಮೆ ಮಡಿಕೆ ಬಿದ್ದರೆ ಸಾಯುವವರೆಗೂ ಹೋಗುವುದಿಲ್ಲ, ನೀರಿನ ಹನಿ ಬಿದ್ದರೆ ಶಾಯಿ ಹರಿಯಬಹುದು. ಕೊಳವೆ ಡಬ್ಬಿ ಇಲ್ಲದೆ ಕಾಗದದ ಪೋಸ್ಟರ್ ಒಯ್ಯಬೇಡಿ. ಡಬ್ಬಿ ಸಿಗದಿದ್ದರೆ ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿ ಬರುವ ರಟ್ಟಿನ ಕೊಳವೆ ಕೇಳಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಓಣಿಗಳಲ್ಲಿ ಅಂಥ ಕೊಳವೆ ಸಿಗುತ್ತದೆ. ಪೋಸ್ಟರನ್ನು ಅದರ ಹೊರಗೆ ಸುತ್ತಿ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದರಾಯಿತು.

ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸುವುದು ದುಬಾರಿ, ನಮ್ಮ ಸಣ್ಣ ಊರುಗಳಲ್ಲಿ ಎಲ್ಲ ಕಡೆ ಸಿಗುವುದೂ ಇಲ್ಲ. ಆದರೆ ಸೀರೆಯ ಹಾಗೆ ಮಡಚಿ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬಹುದು. ವಿಮಾನದಲ್ಲಿ ಹೋಗುವವರು, ಎರಡು ಬಸ್ಸು ಒಂದು ರೈಲು ಬದಲಿಸುವವರು ಇದನ್ನೇ ನೋಡಿ. ಬಣ್ಣ ಒಂದು ಹದ ಮಾಸಿದಂತೆ ಬರುತ್ತದೆ, ಸಣ್ಣ ಅಕ್ಷರ ಎಳೆಯೊಳಗೆ ಹರಡುತ್ತದೆ. ಹೋಟೆಲಿನಲ್ಲಿ ಇಸ್ತ್ರಿ ಪೆಟ್ಟಿಗೆ ಕೇಳಿ, ಹಿಂಬದಿಯಿಂದ, ಹದವಾದ ಬಿಸಿಯಲ್ಲಿ ಮಾತ್ರ ಇಸ್ತ್ರಿ ಮಾಡಿ. ಅದು ಪಾಲಿಯೆಸ್ಟರ್, ಹೆಚ್ಚು ಬಿಸಿಗೆ ಸುರುಟಿಕೊಳ್ಳುತ್ತದೆ.

ಒಟ್ಟಿನಲ್ಲಿ: ರಾಯಚೂರಿನಿಂದ ಧಾರವಾಡಕ್ಕೋ ಕಲಬುರಗಿಗೋ ಹೋಗಿ ಬರುವವರು ಮ್ಯಾಟ್ ಕಾಗದ. ದಿಲ್ಲಿಗೋ ಹೊರದೇಶಕ್ಕೋ ಹೋಗುವವರು ಬಟ್ಟೆ. ಮಳೆಗಾಲದಲ್ಲಿ ಬೈಕಿನ ಮೇಲೆ ಹೋಗುವವರಿಗೆ ಮಾತ್ರ ಫ್ಲೆಕ್ಸಿನ ವಿಷಯದಲ್ಲಿ ನನ್ನ ಕ್ಷಮೆ ಇದೆ.

ಇ-ಪೋಸ್ಟರ್ ಈಗ ಬಹಳ ಕಡೆ, ಅದರಲ್ಲೂ ವೈದ್ಯಕೀಯ ಸಮ್ಮೇಳನಗಳಲ್ಲಿ ಬಂದಿದೆ. ಟಿವಿ ಪರದೆಯ ಮೇಲೆ ನಿಮ್ಮ ಸರದಿಗೆ ಐದು ನಿಮಿಷ. ಒಯ್ಯುವ ಗೋಳಿಲ್ಲ, ಖರ್ಚಿಲ್ಲ. ಆದರೆ ನಿಮ್ಮ ಸರದಿ ಮುಗಿದ ಮೇಲೆ ಆ ಪೋಸ್ಟರ್ ಎಲ್ಲೂ ಇರುವುದಿಲ್ಲ, ಚಹಾ ಕುಡಿಯುತ್ತಾ ಯಾರೂ ಅದರ ಮುಂದೆ ನಿಲ್ಲುವುದಿಲ್ಲ. ಎ0 ಫೈಲನ್ನೇ ಕಳಿಸಿಬಿಟ್ಟರೆ ಪರದೆಯಲ್ಲಿ ಇರುವೆ ಸಾಲು ಕಾಣುತ್ತದೆ. ಪರದೆ 16:9, ಸಾಮಾನ್ಯವಾಗಿ 1920×1080 ಪಿಕ್ಸೆಲ್. ಅದಕ್ಕೆ ಬೇರೆಯದೇ ಮಾಡಿ, ಮಾತು ಮೂರರಲ್ಲೊಂದು ಪಾಲಿಗೆ ಇಳಿಸಿ. ರೋಗಿಯ ಮುಖ ಅಥವಾ ಎಕ್ಸ್‌ರೇ ಮೂಲೆಯ ಹೆಸರು ಮುಚ್ಚಿದ್ದೀರಾ ಅಂತ ಎರಡು ಸಲ ನೋಡಿ. ಪರದೆಯಲ್ಲಿ ಬಂದದ್ದು ಹತ್ತು ಮೊಬೈಲಿಗೆ ಹೋಗಲು ಅರ್ಧ ನಿಮಿಷ ಬೇಕಿಲ್ಲ.

ಕನ್ನಡವೋ, ಇಂಗ್ಲಿಷೋ

ವಿಜ್ಞಾನ ಸಮ್ಮೇಳನ ಅಂದಮೇಲೆ ಇಂಗ್ಲಿಷ್ ಅನ್ನುವುದು ಅಭ್ಯಾಸ. ಆಯೋಜಕರು ಅದನ್ನೇ ಕೇಳಿದ್ದರೆ ಮಾತಿಲ್ಲ. ಆದರೆ ಕೃಷಿ ಮೇಳದ ಮಳಿಗೆ, ಇತಿಹಾಸದ ವಿಚಾರ ಸಂಕಿರಣ, ಜಿಲ್ಲಾ ಮಟ್ಟದ ವಿಜ್ಞಾನ ಗೋಷ್ಠಿಗಳಿಗೂ ಅದೇ ಇಂಗ್ಲಿಷ್ ಪೋಸ್ಟರನ್ನು ಮತ್ತೆ ತೂಗುಹಾಕುವವರಿದ್ದಾರೆ. ರೈತರು ಬಂದು ಫೋಟೊ ನೋಡಿ ಹೋಗುತ್ತಾರೆ, ಪಾಪ.

ಭಾಷೆ ಬದಲಾದರೆ ಬರೀ ಪದ ಬದಲಾಗುವುದಿಲ್ಲ, ಅಳತೆಯೂ ಬದಲಾಗಬೇಕು. ಸಮ್ಮೇಳನದಲ್ಲಿ ಭತ್ತದ ಇಳುವರಿಯನ್ನು ಹೆಕ್ಟೇರಿಗೆ ಟನ್ ಅಂತ ಬರೆಯುತ್ತೇವೆ. ಸಿಂಧನೂರಿನ ರೈತರು ಕೇಳುವುದು "ಎಕ್ರಿಗೆ ಎಷ್ಟ್ ಚೀಲ ಬರ್ತದ್ರಿ?" ಅಂತ. ಹೆಕ್ಟೇರಿಗೆ 1 ಟನ್ ಹೆಚ್ಚು ಬಂತು ಅಂದರೆ ಎಕರೆಗೆ ಸುಮಾರು 405 ಕಿಲೋ, 75 ಕಿಲೋ ಚೀಲದ ಲೆಕ್ಕದಲ್ಲಿ ಐದು ಚೀಲ ಮತ್ತು ಒಂದಿಷ್ಟು. "ಐದು ಚೀಲ ಹೆಚ್ಚು" ಅಂತ ದಪ್ಪಕ್ಷರದಲ್ಲಿ ಬರೆದು ನೋಡಿ, ಎಷ್ಟು ಜನ ನಿಲ್ಲುತ್ತಾರೆ.

ಎರಡೂ ಭಾಷೆಯನ್ನು ಒಂದೇ ಪೋಸ್ಟರಿನಲ್ಲಿ ತುರುಕುವುದು ಮೂರನೇ ದಾರಿ. ಅದು ಎರಡಕ್ಕೂ ನ್ಯಾಯ ಮಾಡುವುದಿಲ್ಲ. ಶೀರ್ಷಿಕೆಯ ಕೆಳಗೆ ಕನ್ನಡದಲ್ಲಿ ಒಂದು ಸಾಲು ಹಾಕಿ ಉಳಿದದ್ದು ಇಂಗ್ಲಿಷ್ ಇಡುವುದಾದರೆ ಸರಿ.

ಇನ್ನು ಫಾಂಟಿನ ಕಥೆ. ಕನ್ನಡ ಪೋಸ್ಟರ್ ಮಾಡುವವರು ಇದನ್ನು ತಪ್ಪದೆ ಓದಿ. ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಟೊಪ್ಪಿಗೆ, ಚುಕ್ಕಿ, ಗೀಟು ಹಾಕಿದ ಮೆರವಣಿಗೆ ಕಾಣುತ್ತದೆ. ಯೂನಿಕೋಡ್‌ನಲ್ಲಿ ಆ ಗೋಳಿಲ್ಲ, ಆದರೆ ಅದರದೇ ಒಂದು ಬೇನೆ ಇದೆ. ಅಂಗಡಿಯಲ್ಲಿರುವ ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಕನ್ನಡದ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ನೀವು "ಕ್ಷೇತ್ರ" ಅಂತ ಕೊಟ್ಟರೆ ಅದು "ಕ್‌ಷೇತ್‌ರ" ಅಂತ ಹೊಡೆದು ಕೊಡುತ್ತದೆ. ಒಮ್ಮೆ ನನ್ನ ಶೀರ್ಷಿಕೆಯಲ್ಲೇ ಹೀಗಾಯಿತು. ಅಂಗಡಿಯ ಹುಡುಗನಿಗೆ ತೋರಿಸಿದರೆ, "ಓದ್ಲಿಕ್ಕ ಬರ್ತದಲ್ಲ ಅಕ್ಕಾ" ಅಂದ. ಅವನ ಮಟ್ಟಿಗೆ ಅದು ಸರಿಯೇ.

ಇದಕ್ಕೆ ಮದ್ದು ಒಂದೇ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ನಿಮ್ಮ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ, ಅದನ್ನು ಮೊಬೈಲಿನಲ್ಲಿ ತೆರೆದು ಒತ್ತಕ್ಷರ, ಅರ್ಕಾವತ್ತು ಸರಿಯಿದೆಯೇ ನೋಡಿ, ಆ ಪಿಡಿಎಫ್ ಮಾತ್ರ ಅಂಗಡಿಗೆ ಕೊಡಿ. "ತೆರೆದು ತಿದ್ದಬೇಡ, ಹಾಗೇ ಹೊಡಿ" ಅಂತ ಹೇಳಿ, ಪಕ್ಕದಲ್ಲೇ ನಿಲ್ಲಿ. ನೋಟೊ ಸ್ಯಾನ್ಸ್ ಕನ್ನಡ ಅನ್ನುವ ಫಾಂಟು ಪುಕ್ಕಟೆ, ದೂರಕ್ಕೂ ಚೊಕ್ಕವಾಗಿ ಕಾಣುತ್ತದೆ. ಶೀರ್ಷಿಕೆಗೆ 'ಬಾಲೂ ತಮ್ಮ' ಫಾಂಟು ದಪ್ಪಗೆ ಚೆನ್ನಾಗಿರುತ್ತದೆ, ಒಳಗಿನ ಸಾಲುಗಳಿಗೆ ಬೇಡ. ಕನ್ನಡದ ಒತ್ತುಗಳು ಕೆಳಗೆ ಇಳಿಯುವುದರಿಂದ ಸಾಲಿನ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಇಂಗ್ಲಿಷಿನಲ್ಲಿ 28 ಪಾಯಿಂಟ್ ಇಡುವ ಕಡೆ ನಾನು ಕನ್ನಡಕ್ಕೆ 32 ಇಡುತ್ತೇನೆ. ಶೀರ್ಷಿಕೆ ಯಾವ ಭಾಷೆಯಲ್ಲೇ ಇರಲಿ 85ಕ್ಕಿಂತ ಕಡಿಮೆ ಬೇಡ.

ಅಕ್ಷರ ಸಾಕೋ ಸಾಲದೋ ಅಂತ ತಿಳಿಯಲು ಸುಲಭದ ಪರೀಕ್ಷೆ: ಎ0 ಪೋಸ್ಟರನ್ನು ಎ4 ಹಾಳೆಗೆ ಪ್ರಿಂಟ್ ತೆಗೆಯಿರಿ. ಎಲ್ಲವೂ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ, 28 ಪಾಯಿಂಟು 7 ಆಗುತ್ತದೆ. ಕೈಯಲ್ಲಿ ಹಿಡಿದು ಆರಾಮಾಗಿ ಓದಲು ಬಂದರೆ ಸರಿ. ಕನ್ನಡಕ ಹುಡುಕುವಂತಾದರೆ ಮಾತು ಕಡಿಮೆ ಮಾಡಿ. ಇದೇ ಹಾಳೆಯನ್ನು ಇಪ್ಪತ್ತು ಜೆರಾಕ್ಸ್ ತೆಗೆಸಿ ಬಂದವರ ಕೈಗೂ ಕೊಡಬಹುದು.

ಯಾವುದರಲ್ಲಿ ಮಾಡುವುದು

ಇದನ್ನು ಎಲ್ಲರೂ ಮೊದಲು ಕೇಳುತ್ತಾರೆ, ನನ್ನ ಪ್ರಕಾರ ಇದು ಎಲ್ಲಕ್ಕಿಂತ ಸಣ್ಣ ಪ್ರಶ್ನೆ. ಗೊತ್ತಿರುವುದು ಪವರ್‌ಪಾಯಿಂಟ್ ಆದರೆ ಅದೇ ಸಾಕು. ಸ್ಲೈಡಿನ ಅಳತೆಯನ್ನು 56 ಇಂಚಿನವರೆಗೆ ಹಿಗ್ಗಿಸಬಹುದು, ಎ0ನ ಉದ್ದ 47 ಇಂಚಿನ ಒಳಗೇ ಇದೆ. ಶುರುವಿನಲ್ಲೇ ಅಳತೆ ಇಟ್ಟುಕೊಳ್ಳಿ, ಮುಗಿದ ಮೇಲೆ ಹಿಗ್ಗಿಸಿದರೆ ಎಲ್ಲ ಚದುರುತ್ತದೆ. ಕ್ಯಾನ್ವಾ ನೋಡಲು ಅಂದ, ಆದರೆ ಅಲ್ಲಿನ ಸಿದ್ಧ ವಿನ್ಯಾಸಗಳಲ್ಲಿ ಅಲಂಕಾರವೇ ಅರ್ಧ ಜಾಗ ತಿನ್ನುತ್ತದೆ. ಇಂಕ್‌ಸ್ಕೇಪ್ ಪುಕ್ಕಟೆ, ಗೆರೆಯ ಚಿತ್ರಗಳಿಗೆ ಒಳ್ಳೆಯದು, ಕಲಿಯಲು ವಾರ ಬೇಕು. ಸಮೀಕರಣ ಬಹಳ ಇರುವ ಭೌತಶಾಸ್ತ್ರ, ಗಣಿತದವರು ಲೇಟೆಕ್ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ.

ಯಾವುದರಲ್ಲೇ ಮಾಡಿ, ಫೋಟೊ ಎಲ್ಲಿಂದ ಬಂತು ಅನ್ನುವುದು ಮುಖ್ಯ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಕುಗ್ಗಿರುತ್ತದೆ. 1,600 ಪಿಕ್ಸೆಲ್ ಅಗಲದ ಚಿತ್ರ 150 ಡಿಪಿಐ, ಅಂದರೆ ಇಂಚಿಗೆ 150 ಚುಕ್ಕಿಯ ಲೆಕ್ಕದಲ್ಲಿ ಹತ್ತೂವರೆ ಇಂಚಿಗೆ ಸಾಕು, ಅದನ್ನು ಎರಡಡಿಗೆ ಹಿಗ್ಗಿಸಿದರೆ ನಿಮ್ಮ ಬೆಳೆ ಪಾಚಿಯ ಹಾಗೆ ಕಾಣುತ್ತದೆ. ಫೋಟೊ ತೆಗೆದವರಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಮೂರು ಕಾಲಮ್ಮೋ, ಒಂದೇ ಮಾತೋ

ನಮಗೆಲ್ಲ ಗೊತ್ತಿರುವುದು ಹಳೆಯ ಅಚ್ಚು. ಎಡಕ್ಕೆ ಪೀಠಿಕೆ, ಉದ್ದೇಶ, ವಿಧಾನ. ನಡುವೆ ಫಲಿತಾಂಶ. ಬಲಕ್ಕೆ ಚರ್ಚೆ, ಸಮಾರೋಪ. ಇದಕ್ಕೆ ಎದುರಾಗಿ 2019ರಲ್ಲಿ ಅಮೆರಿಕದ ಮನೋವಿಜ್ಞಾನದ ಸಂಶೋಧನಾ ವಿದ್ಯಾರ್ಥಿ ಮೈಕ್ ಮಾರಿಸನ್ ಇನ್ನೊಂದು ಮಾದರಿ ಮುಂದಿಟ್ಟ. ನಡುಮಧ್ಯೆ ದೊಡ್ಡ ಅಕ್ಷರದಲ್ಲಿ ಕಂಡುಕೊಂಡದ್ದನ್ನು ಸಾದಾ ಮಾತಿನಲ್ಲಿ ಒಂದೇ ವಾಕ್ಯ, ಕೆಳಗೆ ಕ್ಯೂಆರ್ ಕೋಡ್, ಎರಡು ಬದಿಯ ಪಟ್ಟಿಗಳಲ್ಲಿ ಉಳಿದ ವಿವರ. ಇದು ಜಗತ್ತಿನಾದ್ಯಂತ ಹರಡಿತು, ಬೈಯುವವರೂ ಹುಟ್ಟಿಕೊಂಡರು.

ಎರಡರ ವ್ಯತ್ಯಾಸ ನನಗೆ ಮನಸ್ಸಿಗೆ ಹತ್ತಿದ್ದು ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನದ ಬಂಡೆಯ ಮುಂದೆ ನಿಂತಾಗ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಶಾಸನ ಅದು. ಅದಕ್ಕಿಂತ ಮುಂಚೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನನ್ನು "ದೇವಾನಾಂಪ್ರಿಯ" ಎಂಬ ಬಿರುದಿನಿಂದ ಕರೆದಿತ್ತು. ಮಸ್ಕಿಯದರಲ್ಲಿ ಆ ಬಿರುದಿನ ಪಕ್ಕದಲ್ಲೇ ಅಶೋಕ ಅನ್ನುವ ಹೆಸರು ಇತ್ತು. ಆ ಕಾಲದಲ್ಲಿ ಪೋಸ್ಟರ್ ಪದ್ಧತಿ ಇದ್ದಿದ್ದರೆ ಹಳೆಯ ಅಚ್ಚಿನವರು "ನಿಜಾಮರ ಸೀಮೆಯ ಮಸ್ಕಿ ಗ್ರಾಮದಲ್ಲಿ ದೊರೆತ ಬ್ರಾಹ್ಮಿ ಶಿಲಾಶಾಸನದ ಒಂದು ಅಧ್ಯಯನ" ಅಂತ ಬರೆಯುತ್ತಿದ್ದರು. ಹೊಸ ಅಚ್ಚಿನವರು ನಡುವೆ ಮೂರೇ ಪದ ಹಾಕುತ್ತಿದ್ದರು: "ದೇವಾನಾಂಪ್ರಿಯ ಅಂದರೆ ಅಶೋಕನೇ". ಯಾರ ಮುಂದೆ ಗುಂಪು ಸೇರುತ್ತಿತ್ತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಆದರೆ ಎಲ್ಲರ ಕೈಯಲ್ಲೂ ಅಶೋಕ ಇರುವುದಿಲ್ಲ. ಒಂದು ಹಂಗಾಮಿನ ಪ್ರಯೋಗ ಮಾಡಿ, ಫಲಿತಾಂಶ ಅತ್ತಿತ್ತ ತೂಗಾಡುತ್ತಿರುವಾಗ ನಡುವೆ ಡಂಗುರ ಸಾರಿದರೆ ಮೊದಲು ಬಂದ ಹಿರಿಯರೇ ಗಾಳಿ ತೆಗೆಯುತ್ತಾರೆ. ಬಹುಮಾನಕ್ಕೆ ಅಂಕ ಹಾಕುವ ಸಮ್ಮೇಳನಗಳಲ್ಲಿ ತೀರ್ಪುಗಾರರ ಕೈಯಲ್ಲಿ ವಿಧಾನಕ್ಕೆ ಇಷ್ಟು, ಚರ್ಚೆಗೆ ಇಷ್ಟು ಅಂತ ಹಾಳೆ ಇರುತ್ತದೆ, ಅವರಿಗೆ ಆ ಡಬ್ಬಿಗಳು ಕಾಣಬೇಕು. ಅಲ್ಲಿ ಮೂರು ಕಾಲಮ್ಮೇ ಇರಲಿ. ನಾನು ಮಾಡುವುದು ನಡುವಿನ ದಾರಿ: ಅಚ್ಚು ಹಳೆಯದು, ಶೀರ್ಷಿಕೆ ಮಾತ್ರ ಕಂಡುಕೊಂಡದ್ದನ್ನೇ ಹೇಳಬೇಕು. ಉದಾಹರಣೆಗೆ ತುಂಗಭದ್ರಾ ಅಚ್ಚುಕಟ್ಟಿನ ಸವಳು ಭೂಮಿಯ ಮೇಲೆ ಒಬ್ಬರು ಕೆಲಸ ಮಾಡಿದ್ದಾರೆ ಅಂದುಕೊಳ್ಳಿ. "ಸವಳು ಭೂಮಿಯಲ್ಲಿ ಬಸಿಗಾಲುವೆಯ ಪರಿಣಾಮದ ಅಧ್ಯಯನ" ಅನ್ನುವುದರ ಬದಲು "ಬಸಿಗಾಲುವೆ ತೋಡಿದ ಮಡಿಯಲ್ಲಿ ಉಪ್ಪು ಇಳಿಯಿತು, ತೋಡದ ಮಡಿಯಲ್ಲಿ ಇಳಿಯಲಿಲ್ಲ" ಅಂತ ಬರೆದರೆ ಅರ್ಧ ಕೆಲಸ ಶೀರ್ಷಿಕೆಯೇ ಮಾಡಿತು.

ಕೋಷ್ಟಕ ಮತ್ತು ಗ್ರಾಫಿನ ನಡುವಿನ ಆಯ್ಕೆಯೂ ಇಲ್ಲೇ ಬರುತ್ತದೆ. ಹನ್ನೆರಡು ಸಾಲಿನ ಕೋಷ್ಟಕ ಥೀಸಿಸ್ಸಿಗೆ. ಪೋಸ್ಟರಿಗೆ ಒಂದು ಗ್ರಾಫು, ಅದರ ಮೇಲೆ ಒಂದು ಅಡ್ಡಗೆರೆ. ಮಣ್ಣಿನ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಸವಳು ಅನ್ನುತ್ತೇವಲ್ಲ, ಆ 4ರ ಹತ್ತಿರ ಒಂದು ಗೆರೆ ಎಳೆಯಿರಿ. ಯಾವ ಮಡಿ ಗೆರೆಯ ಮೇಲೆ, ಯಾವುದು ಕೆಳಗೆ ಅಂತ ವಿವರಿಸುವುದೇ ಬೇಡ. ಮೂರು ಆಯಾಮದ ಕಂಬಗಳು ಬೇಡವೇ ಬೇಡ, ಯಾವ ಕಂಬ ಎಷ್ಟೆತ್ತರ ಅಂತ ಬ್ರಹ್ಮನಿಗೂ ತಿಳಿಯುವುದಿಲ್ಲ. ಕೆಂಪು-ಹಸಿರು ಜೋಡಿಯೂ ಬೇಡ, ಕೆಲವರ ಕಣ್ಣಿಗೆ ಎರಡೂ ಒಂದೇ. ನೀಲಿ-ಕಿತ್ತಳೆ ಇಟ್ಟುಕೊಳ್ಳಿ. ಪರದೆಯಲ್ಲಿ ಹೊಳೆಯುವ ನೀಲಿ ಕಾಗದದಲ್ಲಿ ಮಂಕಾಗುತ್ತದೆ ಅನ್ನುವುದು ನೆನಪಿರಲಿ, ದುಡ್ಡು ಕೊಡುವ ಮುಂಚೆ ಒಂದು ಮೂಲೆ ಹೊಡೆಸಿ ನೋಡಿ.

ಕ್ಯೂಆರ್ ಕೋಡ್ ಹಾಕುವುದಾದರೆ ಕೈಯಳತೆಯಿಂದ ಹಿಡಿಯಲು 5 ಸೆಂಟಿಮೀಟರಾದರೂ ಇರಲಿ. ನಾನೊಮ್ಮೆ ಹಾಕಿದ ಕೋಡ್ ಸ್ಕ್ಯಾನ್ ಮಾಡಿದವರಿಗೆಲ್ಲ "ಅನುಮತಿ ಕೇಳಿ" ಅನ್ನುವ ಪುಟ ತೆರೆಯಿತು. ಡ್ರೈವಿನ ಫೈಲನ್ನು ಎಲ್ಲರಿಗೂ ತೆರೆಯುವುದನ್ನು ಮರೆತಿದ್ದೆ. ಸಂಜೆ ಮೇಲ್ ನೋಡಿದರೆ ಅನುಮತಿಯ ಅರ್ಜಿಗಳ ರಾಶಿ. ಬೇರೆಯವರ ಫೋನಿನಲ್ಲಿ ಪರೀಕ್ಷಿಸದೆ ಪ್ರಿಂಟಿಗೆ ಕೊಡಬೇಡಿ.

ಪಾಠ ಒಪ್ಪಿಸುವುದೋ, ಮಾತಿಗೆ ಕೂರುವುದೋ

ಬೋರ್ಡಿನ ಮುಂದೆ ಎರಡು ಜಾತಿಯ ಜನ ನಿಲ್ಲುತ್ತಾರೆ. ಒಬ್ಬರು ಯಾರಾದರೂ ಹತ್ತಿರ ಬಂದ ಕೂಡಲೇ "ಗುಡ್ ಮಾರ್ನಿಂಗ್ ಸರ್" ಅಂತ ಶುರುಮಾಡಿ ಎಡಮೇಲಿನ ಮೂಲೆಯಿಂದ ಬಲಕೆಳಗಿನ ಮೂಲೆವರೆಗೆ ಉಸಿರು ಬಿಡದೆ ಓದುತ್ತಾರೆ. ಇನ್ನೊಬ್ಬರು ಮೊಬೈಲ್ ನೋಡುತ್ತಾ ಕುರ್ಚಿಯಲ್ಲಿ ಕೂತಿರುತ್ತಾರೆ. ಇಬ್ಬರ ಹತ್ತಿರವೂ ಜನ ನಿಲ್ಲುವುದಿಲ್ಲ.

ನನ್ನ ವಿದ್ಯಾರ್ಥಿಗಳಿಗೆ ಎರಡು ಮಾತು ತಯಾರಿ ಮಾಡಿಸುತ್ತೇನೆ: ಅರ್ಧ ನಿಮಿಷದ್ದು, ಎರಡು ನಿಮಿಷದ್ದು. ಅರ್ಧ ನಿಮಿಷದ್ದರಲ್ಲಿ ಏನು ಕೇಳಿಕೊಂಡೆ, ಏನು ಸಿಕ್ಕಿತು, ಅಷ್ಟೇ. ಅದಾದಮೇಲೆ ಬಾಯಿ ಮುಚ್ಚಿ ಅವರ ಮುಖ ನೋಡಬೇಕು. ಕಣ್ಣು ಗ್ರಾಫಿನ ಮೇಲೆ ನಿಂತರೆ ಎರಡು ನಿಮಿಷದ್ದು ಶುರುಮಾಡಿ. ಪಕ್ಕದ ಬೋರ್ಡಿನ ಕಡೆ ಹೋದರೆ ಎ4 ಹಾಳೆ ಕೊಟ್ಟು ನಮಸ್ಕಾರ ಹೇಳಿ ಬಿಡಿ. ಪೋಸ್ಟರಿಗೆ ಅಡ್ಡ ನಿಲ್ಲಬೇಡಿ, ಒಂದು ಪಕ್ಕಕ್ಕೆ, ಅವರ ಜೊತೆ ಪೋಸ್ಟರಿನ ಕಡೆಗೇ ಮುಖಮಾಡಿ ನಿಂತರೆ ಪರೀಕ್ಷೆಯ ಭಯ ಅರ್ಧ ಇಳಿಯುತ್ತದೆ.

ಬರುವವರೂ ಒಂದೇ ತರದವರಲ್ಲ. ವಿಜ್ಞಾನಿ ಬಂದರೆ "ರೆಪ್ಲಿಕೇಶನ್ ಎಷ್ಟು?", ಅಂದರೆ ಅದೇ ಪ್ರಯೋಗ ಎಷ್ಟು ಮಡಿಗಳಲ್ಲಿ ಮತ್ತೆ ಮಾಡಿದಿರಿ ಅನ್ನುತ್ತಾರೆ, ಅಂಕಿ ನಾಲಿಗೆಯ ತುದಿಯಲ್ಲಿರಲಿ. ಬೇರೆ ವಿಷಯದವರು ಬಂದರೆ ಸವಳು ಅಂದರೆ ಏನು ಅನ್ನುವುದರಿಂದಲೇ ಹೇಳಬೇಕು. ಮೇಳದಲ್ಲಿ ಹಿರಿಯ ರೈತರೊಬ್ಬರು ನಮ್ಮ ಹುಡುಗನ ಪೋಸ್ಟರಿನ ಮುಂದೆ ನಿಂತು, ಪೂರ್ತಿ ಕೇಳಿ, "ತಮ್ಮಾ, ಇದೆಲ್ಲ ಸರಿ ಅದ. ಆ ಬಸಿನೀರು ಕೊನೀಗೆ ಯಾರ ಹೊಲಕ್ಕ ಹೋಗ್ತದ?" ಅಂದರು. ಹುಡುಗ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಆ ಪ್ರಶ್ನೆ ಅವನ ಥೀಸಿಸ್ಸಿನ ಐದನೇ ಅಧ್ಯಾಯ ಆಯಿತು. ಗೊತ್ತಿಲ್ಲದ್ದನ್ನು ಕೇಳಿದಾಗ "ಗೊತ್ತಿಲ್ಲರೀ, ನಿಮ್ಮ ನಂಬರ್ ಕೊಡ್ರಿ, ನೋಡಿ ಹೇಳ್ತೀನಿ" ಅನ್ನುವುದು ಹುಸಿ ಉತ್ತರಕ್ಕಿಂತ ಮೇಲು. ಅದಕ್ಕೇ ಒಂದು ಸಣ್ಣ ನೋಟ್‌ಬುಕ್ಕು ಜೇಬಿನಲ್ಲಿರಲಿ.

ಎಲ್ಲ ಮುಗಿದ ಮೇಲೆ ಮೂರು ವಸ್ತುಗಳ ದಾರಿ ಮತ್ತೆ ಬೇರೆಯಾಗುತ್ತದೆ. ಕಾಗದದ್ದು ವಿಭಾಗದ ಕಾರಿಡಾರಿನ ಗೋಡೆಗೆ ಹೋಗುತ್ತದೆ, ಹೊಸ ವಿದ್ಯಾರ್ಥಿಗಳು ಅದರ ಮುಂದೆ ನಿಂತು ಅಳತೆ ತೆಗೆದುಕೊಳ್ಳುತ್ತಾರೆ. ಬಟ್ಟೆಯದು ಮುಂದಿನ ಮೇಳಕ್ಕೆ ಬೀರುವಿನಲ್ಲಿ ಕಾಯುತ್ತದೆ. ಮಡಿಕೆ ಬಿದ್ದ ನನ್ನ ಆ ಮೊದಲ ಫ್ಲೆಕ್ಸನ್ನು ಅಪ್ಪ ಊರಿಗೆ ಒಯ್ದರು. ಮೋಡ ಕಟ್ಟಿದ ದಿನ ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ರಾಶಿಗೆ ಅದೇ ಹೊದಿಕೆ. ಫಲಿತಾಂಶದ ಬದಿ ಮೇಲಕ್ಕಿರುತ್ತದೆ, ನುಣುಪಾಗಿರುವುದರಿಂದ ನೀರು ಜಾರುತ್ತದೆಯಂತೆ.